ಲ್ಯಾಪ್‌ಟಾಪ್ ಒಳಗಿನ ಧೂಳನ್ನು ಮನೆಯಲ್ಲೇ ತೆಗೆಯಬಹುದೇ?

ಪ್ರಶ್ನೆ, ಡೊಂಬಿವಲಿಯಿಂದ:
ವಾರಂಟಿ ಮುಗಿದಿರುವ ನಮ್ಮ ಲ್ಯಾಪ್‌ಟಾಪ್ ಈಚೆಗೆ ಒಂದು ವಿಡಿಯೊ ಕರೆ ಮಾಡಿದರೂ ಕಾದು, ಫ್ಯಾನ್ ಭೋರೆಂದು, ಕೊನೆಗೆ ತೀರ ನಿಧಾನವಾಗುತ್ತಿದೆ. ಗಾಳಿಕಂಡಿಯಲ್ಲಿ ಧೂಳು ಕಾಣುತ್ತಿದೆ. ಹೊರಗಿನಿಂದ ಊದಿದರೆ ಸಾಕೇ, ಬಿಚ್ಚಲೇಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಪುಣೆಯ ಹಡಪಸರದಿಂದ:
ಊದಿದರೆ ಸಾಲದು. ಧೂಳು ದಟ್ಟವಾಗಿ ಕಟ್ಟಿಕೊಳ್ಳುವುದು ಕಣ್ಣಿಗೆ ಕಾಣುವ ಕಂಡಿಯಲ್ಲಲ್ಲ, ಫ್ಯಾನಿನ ಬಾಯಿಗೂ, ಬಿಸಿಯನ್ನು ಹೀರಿ ಹೊರಹಾಕುವ ಹೀಟ್‌ಸಿಂಕ್‌ನ ತೆಳು ತಗಡುಗಳಿಗೂ ನಡುವಣ ಸಂದಿಯಲ್ಲಿ. ಅಲ್ಲಿ ಅದು ಕಂಬಳಿಯ ತುಂಡಿನಂತೆ ಒತ್ತಿ ಕೂತಿರುವುದರಿಂದ, ಹೊರಗಿನಿಂದ ಊದಿದಾಗ ಫ್ಯಾನಿನತ್ತ ಸರಿಯುತ್ತದೆಯೇ ಹೊರತು ಹೊರಬೀಳುವುದಿಲ್ಲ. ಬಿಸಿ ಹೊರಹೋಗದೆ ಪ್ರೊಸೆಸರ್ 95–100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಾವು ಹೇಳುವ ನಿಧಾನಕ್ಕೆ ಬಹುಶಃ ಇದೇ ಕಾರಣ. ಸುತ್ತಲೂ ಕಟ್ಟಡದ ಕೆಲಸ ನಿಲ್ಲದ ನಮ್ಮ ಕಡೆ ಪ್ರತಿ ಬೇಸಿಗೆಯ ಕೊನೆಗೆ ತಳದ ಮುಚ್ಚಳ ಬಿಚ್ಚುವುದು ಮನೆಯ ರೂಢಿಯೇ ಆಗಿದೆ.

ಸ್ಲೀಪ್‌ನಲ್ಲಿಡದೆ ಪೂರ್ತಿ ಆರಿಸಿ, ಚಾರ್ಜರ್ ಕಳಚಿ. ತಿರುಪುಗಳ ಉದ್ದ ಒಂದೇ ಇರುವುದಿಲ್ಲ. ಗಿಡ್ಡ ತಿರುಪಿನ ಜಾಗಕ್ಕೆ ಉದ್ದದ್ದನ್ನು ಬಿಗಿದರೆ ಬೋರ್ಡಿಗೇ ಪೆಟ್ಟಾದೀತು, ಆದ್ದರಿಂದ ರಟ್ಟಿನ ಮೇಲೆ ತಳದ ಚಿತ್ರ ಬರೆದು ಅವನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಕೆಲವು ತಿರುಪುಗಳು ರಬ್ಬರ್ ಪಾದಗಳ ಅಡಿಯಲ್ಲಿ ಅಡಗಿರುತ್ತವೆ. ಅಂಚನ್ನು ಬಿಡಿಸಲು ಚಾಕು ಬೇಡ, ಹಳೆಯ ಎಟಿಎಂ ಕಾರ್ಡ್ ಸಾಕು. ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಅನಂತರ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಕುಂಚದಿಂದ ಧೂಳನ್ನು ಸಡಿಲಿಸಿ, ಕ್ಯಾಮೆರಾ ಲೆನ್ಸ್‌ಗೆ ಬಳಸುವ ರಬ್ಬರ್ ಬ್ಲೋವರಿನಿಂದ ಊದಿ. ಹಿಡಿಯದೆ ಊದಿದರೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಒಳಗೆ ತೂರಿಸಬೇಡಿ, ಅದರ ಮೂತಿಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಬೋರ್ಡನ್ನು ಕೆಡಿಸೀತು.

ಗೋವೆಯ ವಾಸ್ಕೊದಿಂದ:
ಕಡಲಂಚಿನಲ್ಲಿರುವ ನಮಗೆ ಧೂಳಿಗಿಂತ ತೇವದ ಕಾಟ ಹೆಚ್ಚು. ಉಪ್ಪುಗಾಳಿಗೆ ಜಿಗುಟಾದ ಧೂಳು ಬರಿಯ ಕುಂಚಕ್ಕೆ ಬಗ್ಗದು; 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ರೆಕ್ಕೆಗಳನ್ನು ಒರೆಸಿ, ಪೂರ್ತಿ ಆರಿದ ಮೇಲೆಯೇ ಮುಚ್ಚುತ್ತೇನೆ. ಸ್ಯಾನಿಟೈಸರಿನಲ್ಲಿ ನೀರು ಬೆರೆತಿರುವುದರಿಂದ ಅದು ಇಲ್ಲಿಗೆ ಸಲ್ಲದು. ಡಬ್ಬಿಯಲ್ಲಿ ಸಿಗುವ ಒತ್ತುಗಾಳಿಯನ್ನು ಬಳಸುವವರು ಅದನ್ನು ನೆಟ್ಟಗೆ ಹಿಡಿಯಬೇಕು. ತಲೆಕೆಳಗಾದರೆ ಕೊರೆಯುವಷ್ಟು ತಣ್ಣನೆಯ ದ್ರವ ಹೊರಚಿಮ್ಮುತ್ತದೆ.

ಮುಂಬೈಯ ಮಾಟುಂಗಾದಿಂದ:
ಮೇಲಿನಿಬ್ಬರೂ ಹೇಳಿದ್ದು ಸರಿ. ಆದರೆ ಹೀಟ್‌ಸಿಂಕನ್ನು ಮಾತ್ರ ಎತ್ತಲು ಹೋಗಬೇಡಿ. ಎತ್ತಿದರೆ, ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದು ಹಚ್ಚಲೇಬೇಕು, ಅದು ಕೈ ಪಳಗಿದವರ ಕೆಲಸ. ತಳ ಉಬ್ಬಿದ್ದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿದು, ಏನನ್ನೂ ಮೀಟದೆ ರಿಪೇರಿಯವರಿಗೆ ಕೊಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಇಂಥ ಅಂಗಡಿಗಳು ಸಾಲಾಗಿವೆ. ತಮ್ಮೆದುರಿಗೇ ಬಿಚ್ಚುವವರನ್ನು ಆರಿಸಿಕೊಳ್ಳಿ, ಪೇಸ್ಟ್ ಬದಲಿಸುವ ದರವನ್ನು ಮೊದಲೇ ಕೇಳಿ. ಡೊಂಬಿವಲಿಯಿಂದ ಬರುವವರು ದಾದರಿನಲ್ಲಿ ಪಶ್ಚಿಮ ಮಾರ್ಗದ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಬೇಕು. ಭಾನುವಾರ ಅಲ್ಲಿ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ.