ಸಹಾಯ ಬೇಕು: ತಡಸಲು ಮರದ ಬಿಲ್ಲು ಒಂದೇ ಕಡೆ ಬಾಗುತ್ತಿದೆ

ಮೊದಲ ಸಲ ಕೈಯಲ್ಲೇ ಬಿಲ್ಲು ಮಾಡುತ್ತಿದ್ದೇನೆ. ಕೊಡಲಿ ಕಾವಿಗೆಂದು ಅಜ್ಜ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ತಡಸಲು ಮರದ ಸೀಳು, 5 ಅಡಿ ಉದ್ದ. ತೊಗಟೆ ಕಡೆಯ ನಾರು ಎಲ್ಲೂ ಕಡಿಯದ ಹಾಗೆ ಬೆನ್ನು (ಗುರಿಯ ಕಡೆಗಿರುವ ಮೈ) ಉಳಿಸಿಕೊಂಡು, ಹೊಟ್ಟೆಯ ಕಡೆ (ಎಳೆಯುವವರ ಕಡೆಗಿರುವ ಮೈ) ಮಾತ್ರ ಕತ್ತಿಯಲ್ಲಿ ಹೆರೆದೆ.

ನಿನ್ನೆ ಸಡಿಲವಾಗಿ ಹೆದೆ ಕಟ್ಟಿ 10 ಇಂಚು ಎಳೆದೆ. ಬಿಲ್ಲಿನ ಮೇಲಿನ ಅರ್ಧ (ತೋಳು) ಹಿಡಿಯಿಂದ ಒಂದು ಗೇಣು ದೂರದಲ್ಲಿ ಮಡಚಿದ ಹಾಗೆ ಬಾಗಿತು. ಕೆಳಗಿನದು ಕೋಲಿನ ಹಾಗೆ ನೆಟ್ಟಗೇ ಇದೆ. ಬಾಗಿದ ಜಾಗದಲ್ಲಿ, ಹೊಟ್ಟೆಯ ಮೇಲೆ, ಕೂದಲೆಳೆಯಂಥ ಅಡ್ಡ ಗೆರೆಗಳು ಕಾಣುತ್ತಿವೆ. ಹೆದರಿ ಅಲ್ಲಿಗೇ ನಿಲ್ಲಿಸಿದೆ.

ಆ ಜಾಗ ಮುಟ್ಟದೆ ಉಳಿದ ಕಡೆಯೆಲ್ಲ ತೆಳ್ಳಗೆ ಮಾಡಬೇಕು ಅಲ್ವಾ? ಗೆರೆ ಬಿದ್ದ ಮೇಲೂ ಬಿಲ್ಲು ಉಳಿಯುತ್ತಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ. ಅಜ್ಜನ ಮರ ಇದು, ಕಳೆದುಕೊಳ್ಳಲು ಮನಸ್ಸಿಲ್ಲ.