ಕಾರು ನಿಲ್ಲುವ ಜಾಗದಿಂದ ಆಚೆಗಿನ ಕಾಡು

ಚಿಕ್ಕಮ್ಮ, ನಿಮ್ಮ ಮೆಸೇಜ್ ನೋಡಿದೆ. ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಾಗ ರೆಡ್‌ವುಡ್ ಎಂಬ ಭಾರೀ ಎತ್ತರದ ಮರಗಳ ಕಾಡಿನಲ್ಲಿ ಸೈಕಲ್ ಹೊಡೆಯಬೇಕು ಅಂತ ಪುಟ್ಟ ಹಟ ಹಿಡಿದಿದ್ದಾನೆ, ಅದು ಎಂಥ ದಾರಿ, ಕಾರಲ್ಲೇ ಹೋಗಿ ಮರ ನೋಡಿಕೊಂಡು ಬಂದರೆ ಆಗಲ್ವಾ ಎಂದು ಕೇಳಿದ್ದೀರಿ. ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಡುವುದು ಕಷ್ಟ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಕೆಲಸ ಮಾಡುತ್ತಾ ನಿಧಾನವಾಗಿ ಕೇಳಿ. ಪುಟ್ಟ, ನೀನೂ ಪೂರ್ತಿ ಕೇಳು, ನಡುವೆ ಓಡಿಸಬೇಡ.

ನಾವು ಹೋಗುವುದು ಇಲ್ಲೇ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟಗಳಿಗೆ. ಸ್ಯಾನ್ ಹೊಸೆ ಕಡೆಯಿಂದ ಬೆಟ್ಟ ದಾಟಿ ಇಳಿದರೆ ಸಮುದ್ರದ ಪಕ್ಕದಲ್ಲಿ ಆಪ್ಟಾಸ್ ಎಂಬ ಊರು ಸಿಗುತ್ತದೆ. ಊರಿಗೆ ಅಂಟಿಕೊಂಡೇ ನಿಸೀನ್ ಮಾರ್ಕ್ಸ್ ಎಂಬ ಕಾಡಿದೆ, ಸುಮಾರು 10,000 ಎಕರೆ. ಚಿಕ್ಕಮ್ಮ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಈ ಕಾಡಿನೊಳಗೆ ಕಾರು ಹೋಗುವುದು ಕೆಲವೇ ಕಿಲೋಮೀಟರ್. ಪಿಕ್ನಿಕ್ ಜಾಗದ ಹತ್ತಿರ ಗೇಟು ಹಾಕಿದ್ದಾರೆ. ಅಲ್ಲಿಂದ ಮುಂದಿನದು ಮಣ್ಣಿನ ಫೈರ್ ರೋಡ್, ಅಂದರೆ ಕಾಡಿಗೆ ಬೆಂಕಿ ಬಿದ್ದಾಗ ಗಾಡಿ ಹೋಗಲಿ ಎಂದು ಬಿಟ್ಟ ದಾರಿ. ನಮಗೆ ಅಲ್ಲಿ ನಡೆದು ಹೋಗಬಹುದು, ಇಲ್ಲವೇ ಸೈಕಲ್. ಕಾರಲ್ಲಿ ಹೋದವರು ಕಾಡಿನ ಬಾಗಿಲಲ್ಲೇ ನಿಂತು ವಾಪಸ್ ಬರುತ್ತಾರೆ. ನನಗಂತೂ ಕಾಡು ಶುರುವಾಗುವುದೇ ಆ ಗೇಟಿನಿಂದ ಆಚೆಗೆ.

ಆಪ್ಟಾಸ್‌ನಿಂದ ಸ್ಯಾಂಡ್ ಪಾಯಿಂಟ್ ಎಂಬ ಜಾಗದ ತನಕ ಸುಮಾರು 15 ಕಿಲೋಮೀಟರ್. ಮೊದಲರ್ಧ ಹಳ್ಳದ ಪಕ್ಕದಲ್ಲಿ ಸಲೀಸಾಗಿ ಹೋಗುತ್ತದೆ. ಆಮೇಲೆ ಏರು. ಗುಡ್ಡದ ಮೈಮೇಲೆ ತಿರುವು, ಅದರ ಮೇಲೆ ಮತ್ತೊಂದು ತಿರುವು. ಬೇಸಿಗೆಯ ಬೆಳಗ್ಗೆ ಸಮುದ್ರದ ಮಂಜು ಬೆಟ್ಟದೊಳಗೆ ತುಂಬಿಕೊಂಡಿರುತ್ತದೆ. ಮಳೆಯೇ ಇಲ್ಲದಿದ್ದರೂ ಮರದ ಕೆಳಗೆ ಹನಿ ಬೀಳುತ್ತಿರುತ್ತದೆ. ಎಲೆಗೆ ತಾಗಿದ ಮಂಜು ನೀರಾಗಿ ಇಳಿಯುವುದು ಅದು. ಅಲ್ಲಿ ಬೇಸಿಗೆ ಅಂದರೆ ಮಳೆ ಇಲ್ಲದ ಕಾಲ. ರೆಡ್‌ವುಡ್ ಮರಗಳು ವರ್ಷಕ್ಕೆ ಬೇಕಾದ ನೀರಿನಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಈ ಮಂಜಿನಿಂದಲೇ ಪಡೆಯುತ್ತವೆ. ಈ ಮರ ಕರಾವಳಿ ಬಿಟ್ಟು ಒಳನಾಡಿಗೆ ಹೆಚ್ಚು ದೂರ ಹೋಗದೇ ಇರುವುದಕ್ಕೆ ಇದೂ ಒಂದು ಕಾರಣ.

ಪುಟ್ಟ, ನೀನು ಫೋಟೋದಲ್ಲಿ ನೋಡಿರುವ ಲೋಕದಲ್ಲೇ ಎತ್ತರದ ಮರ, 115 ಮೀಟರಿಗೂ ಜಾಸ್ತಿ ಇರುವ ಹೈಪೀರಿಯನ್, ಇಲ್ಲಿಲ್ಲ. ಅದು ತುಂಬಾ ಉತ್ತರದಲ್ಲಿದೆ. ಇಲ್ಲಿ ನಾನು ನಿನಗೆ ತೋರಿಸಬೇಕು ಎಂದುಕೊಂಡಿರುವುದು ಬೇರೆ. ಈ ಕಾಡನ್ನು 1883ರಿಂದ 1923ರ ತನಕ ಒಂದು ಮರದ ಕಂಪನಿ ಹೆಚ್ಚುಕಮ್ಮಿ ಪೂರ್ತಿ ಕಡಿದು ಹಾಕಿತ್ತು. ದಿಮ್ಮಿ ಸಾಗಿಸಲು ಕಣಿವೆಯೊಳಗೆ ರೈಲು ಹಾಕಿದ್ದರು. ನಾವು ಮೊದಲು ಸಲೀಸಾಗಿ ಹೋಗುತ್ತೇವಲ್ಲ, ಆ ದಾರಿಯ ಸುಮಾರು ಭಾಗ ಹಳೇ ರೈಲು ದಾರಿ. ರೈಲು ಕಡಿದಾದ ಏರು ಹತ್ತುವುದಿಲ್ಲ ಅಲ್ವಾ, ಅದಕ್ಕೇ ಅಲ್ಲಿ ನಮ್ಮ ಕಾಲಿಗೂ ಸುಲಭ. ಏರುವಾಗ ದಾರಿಯ ಬದಿ ನೋಡು. ಕಾರಿನಷ್ಟು ಅಗಲದ ಕಪ್ಪು ಬೊಡ್ಡೆಗಳು ಸಿಗುತ್ತವೆ. ಪ್ರತಿ ಬೊಡ್ಡೆಯ ಸುತ್ತ ಉಂಗುರದ ಹಾಗೆ ಐದಾರು ಎತ್ತರದ ಮರಗಳು. ನಮ್ಮ ತೋಟದಲ್ಲಿ ಬಾಳೆ ಕಡಿದರೆ ಬುಡದಲ್ಲಿ ಕಂದು ಏಳುತ್ತದಲ್ಲ, ಹಾಗೆ ಕಡಿದ ಮರದ ಬುಡದಿಂದಲೇ ಎದ್ದ ಮರಗಳು ಅವು. ಬೀಜದಿಂದ ಬಂದವಲ್ಲ, ಹಳೇ ಬೇರಿನವೇ. ನೂರು ವರ್ಷದಲ್ಲಿ ಕತ್ತೆತ್ತಿ ನೋಡುವಷ್ಟು ಬೆಳೆದಿವೆ. 1963ರಲ್ಲಿ ಮಾರ್ಕ್ಸ್ ಮನೆಯ ಮಕ್ಕಳು ತಾಯಿ ನಿಸೀನ್ ನೆನಪಿಗೆ ಈ ಜಾಗವನ್ನು ಸರ್ಕಾರಕ್ಕೆ ಕೊಟ್ಟರು, ಇನ್ನು ಕಡಿಯದೆ ಹಾಗೇ ಬಿಡಬೇಕು ಎಂದು. ಸೈಕಲ್ಲಿನಲ್ಲಿ ಏರುವಾಗ ಎಷ್ಟು ನಿಧಾನ ಹೋಗುತ್ತೇವೆಂದರೆ ಒಂದೊಂದು ಉಂಗುರವೂ ಕಣ್ಣಿಗೆ ಬೀಳುತ್ತದೆ. ಆ ಏರು ನನಗೆ ಇಷ್ಟವಾಗುವುದೇ ಅದಕ್ಕೆ.

1989ರ ಅಕ್ಟೋಬರಿನ ದೊಡ್ಡ ಭೂಕಂಪದ ಕೇಂದ್ರವೂ ಇದೇ ಕಾಡಿನೊಳಗೆ. 6.9ರ ತೀವ್ರತೆ. ಅದಕ್ಕೊಂದು ಬೋರ್ಡ್ ಇದೆ.

ಸ್ಯಾಂಡ್ ಪಾಯಿಂಟಿನಲ್ಲಿ ನಿಂತರೆ ಕೆಳಗೆ ಸಮುದ್ರದ ಕೊಲ್ಲಿ ಕಾಣುತ್ತದೆ. ಏರು ಅಲ್ಲಿಗೆ ಮುಗಿಯುವುದಿಲ್ಲ. ಬೆಟ್ಟದ ನೆತ್ತಿ ಹಿಡಿದು ಇನ್ನೂ ಹತ್ತಿದರೆ ಪಕ್ಕದ ಸೋಕೆಲ್ ಕಾಡು, ಎಲ್ಲರೂ ಡೆಮೋ ಎನ್ನುತ್ತಾರೆ. ಮೌಂಟನ್ ಬೈಕಿನವರು ದೂರದೂರದಿಂದ ಬರುವುದು ಇಲ್ಲಿಗೆ. 2015ರಲ್ಲಿ ತೆರೆದ ಫ್ಲೋ ಟ್ರೇಲ್ ಇಲ್ಲಿದೆ, ಸುಮಾರು 6 ಕಿಲೋಮೀಟರ್ ಬರೀ ಇಳಿಜಾರು. ಸ್ಥಳೀಯ ಸೈಕಲ್ ಸವಾರರೇ ದುಡ್ಡು ಸೇರಿಸಿ, ಗುದ್ದಲಿ ಹಿಡಿದು ಕಟ್ಟಿದ ದಾರಿ ಅದು. ತಿರುವಿನಲ್ಲೆಲ್ಲ ಮಣ್ಣನ್ನು ಗೋಡೆಯಂತೆ ಎತ್ತರಿಸಿದ್ದಾರೆ. ಅದರ ಮೇಲೆ ಸೈಕಲ್ ವಾಲಿಸಿಕೊಂಡು ಹೋದರೆ ಬ್ರೇಕ್ ಹೆಚ್ಚು ಬೇಡ. ಕಾಲಡಿಗೆ ಉದುರಿದ ಎಲೆಯ ಮೆತ್ತನೆ ಮಣ್ಣು, ಎರಡೂ ಕಡೆ ಕೆಂಪು ಕಾಂಡ, ಮೊಣಕಾಲೆತ್ತರದ ಜರಿಗಿಡ. ಅಲ್ಲಿ ಸಿಗುವ ಖುಷಿಯನ್ನು ನಾನು ಇಲ್ಲಿ ಎಷ್ಟು ಹೇಳಿದರೂ ಕಮ್ಮಿಯೇ.

ಈಗ ಕಷ್ಟದ ವಿಷಯ. ಪುಟ್ಟ, ಇದನ್ನು ಸರಿಯಾಗಿ ಕೇಳಿಸಿಕೋ. ಸಾಮಾನ್ಯವಾಗಿ ಬೆಟ್ಟ ಅಂದರೆ ಹತ್ತಿದ ಮೇಲೆ ಇಳಿದು ಮನೆಗೆ. ಇಲ್ಲಿ ಹಾಗಲ್ಲ. ಫ್ಲೋ ಟ್ರೇಲ್ ನಿನ್ನನ್ನು ಬೆಟ್ಟದ ತಪ್ಪು ಬದಿಯ ಕಣಿವೆಯಲ್ಲಿ ಇಳಿಸುತ್ತದೆ. ಆಪ್ಟಾಸ್ ಇರುವುದು ಈಚೆ ಬದಿಗೆ. ಅಷ್ಟು ಹೊತ್ತಿಗೆ ಮಧ್ಯಾಹ್ನ, ಮಂಜು ಕರಗಿರುತ್ತದೆ, ಕಾಲು ಸೋತಿರುತ್ತದೆ. ಆಗ ಹೈನ್ಸ್ ಮಿಲ್ ರೋಡ್ ಹಿಡಿದು, ಸಲ್ಫರ್ ಸ್ಪ್ರಿಂಗ್ಸ್ ಎಂಬ ಕಡಿದಾದ ದಾರಿಯಲ್ಲಿ ಮತ್ತೆ ನೆತ್ತಿಗೆ ಹತ್ತಬೇಕು. ಸೈಕಲ್ಲಿನಿಂದ ಇಳಿಯದೆ ಹತ್ತುವವರು ಕಮ್ಮಿ. ಸೈಕಲ್ ತಳ್ಳಿಕೊಂಡು ಹೋದರೆ ಏನೂ ಅವಮಾನ ಇಲ್ಲ. ಆದರೆ ಆ ಏರಿಗೆ ಬೇಕಾದ ನೀರು, ತಿಂಡಿ, ಶಕ್ತಿ ಎಲ್ಲವನ್ನೂ ಬೆಳಗ್ಗೆಯಿಂದಲೇ ಲೆಕ್ಕ ಹಾಕಿ ಉಳಿಸಿಕೊಳ್ಳಬೇಕು. ಡೆಮೋದಲ್ಲಿ ಕುಡಿಯುವ ನೀರಿನ ನಲ್ಲಿ ಇಲ್ಲ. ಹೆಚ್ಚಿನ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಈ ಸವಾರಿಯ ನಿಜವಾದ ಪರೀಕ್ಷೆ ಇಳಿಜಾರಿನಲ್ಲಿಲ್ಲ, ಈ ಎರಡನೇ ಏರಿನಲ್ಲಿದೆ.

ಚಿಕ್ಕಮ್ಮ, ಅದಕ್ಕೇ ಹೇಳುತ್ತೇನೆ, ಬಂದ ವಾರವೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಮೊದಲು ಸ್ಯಾಂಡ್ ಪಾಯಿಂಟ್ ತನಕ ಹೋಗಿ ಅದೇ ದಾರಿಯಲ್ಲಿ ವಾಪಸ್. ಅದು ಸಲೀಸಾದರೆ ಮಾತ್ರ ಡೆಮೋ. ಬ್ರೇಯ್ಲ್ ಎಂಬ ಇನ್ನೊಂದು ಟ್ರೇಲ್ ಇದೆ, ಬರೀ ಬೇರು, ಜಿಗಿತ. ಅವನು ಎಷ್ಟು ಗೋಗರೆದರೂ ಈ ಸಲ ಅದು ಬೇಡ. ಬಿರುಗಾಳಿ ಮಳೆ ಆದ ವರ್ಷ ದಾರಿ ಕುಸಿದು ಮುಚ್ಚಿರುವುದೂ ಉಂಟು, ಹೊರಡುವ ಮೊದಲು ವಿಚಾರಿಸಿಯೇ ಹೊರಡುತ್ತೇನೆ. ದಾರಿ ಪಕ್ಕದ ಮೂರೆಲೆಯ ಗಿಡ ಮುಟ್ಟಬಾರದು, ಪಾಯಿಸನ್ ಓಕ್ ಅಂತ, ವಾರಗಟ್ಟಲೆ ತುರಿಕೆ ಬಿಡುವುದಿಲ್ಲ. ಪೂರ್ತಿ ಕಾಲು ಮುಚ್ಚುವ ಪ್ಯಾಂಟ್ ಇರಲಿ.

ಪುಟ್ಟ, ನೀನು ಬರುವ ತನಕ ವಾರದಲ್ಲಿ ಮೂರು ನಾಲ್ಕು ದಿನ ಏರು ಹೊಡಿ. ಸಮತಟ್ಟು ರಸ್ತೆಯಲ್ಲಿ ಸುಮ್ನೆ ಸುತ್ತಿದರೆ ಇದಕ್ಕೆ ಸಾಲದು. ನಿನ್ನ ಎತ್ತರ ಮತ್ತು ತಲೆಯ ಸುತ್ತಳತೆ ಇಲ್ಲೇ ಗ್ರೂಪಿನಲ್ಲಿ ಬರೆದು ಹಾಕು. ಬಾಡಿಗೆ ಸೈಕಲ್ಲಿಗೂ ಹೆಲ್ಮೆಟ್ಟಿಗೂ ನಾನು ಈಗಲೇ ಹೇಳಿ ಇಡುತ್ತೇನೆ.