ಸಹಾಯ ಬೇಕು: ರೀಪರ್ ಪಿಯಾನೋ ರೋಲ್ ಜೂಮ್, ಎಐ ಸ್ಕ್ರಿಪ್ಟ್ ಮೂಲಕ

ಎಲ್ಲರಿಗೂ ನಮಸ್ಕಾರ, ತೀರ್ಥಹಳ್ಳಿಯಿಂದ. ಭಾವಗೀತೆಗಳ ಕೊಳಲಿನ ಭಾಗವನ್ನು ರೀಪರ್ ಎಂಬ ಸಂಗೀತ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಮಿಡಿಯಾಗಿ (ಸ್ವರಗಳ ಡಿಜಿಟಲ್ ಸೂಚನೆಗಳಾಗಿ) ಕೂರಿಸುತ್ತಿದ್ದೇವೆ. ಮಿಡಿ ಎಡಿಟರ್ (ಸ್ವರಗಳನ್ನು ಸಾಲುಗಳಲ್ಲಿ ತೋರಿಸುವ ಪಿಯಾನೋ ರೋಲ್) ತೆರೆದರೆ 128 ಸ್ವರಗಳ ಪಟ್ಟಿಯಲ್ಲಿ ನೋಟ್‌ಗಳು ಗೆರೆಯಷ್ಟು ತೆಳ್ಳಗೆ ಕಾಣುತ್ತವೆ. ಗಮಕಕ್ಕೆ ಪಿಚ್ ಬೆಂಡ್ (ಸ್ವರವನ್ನು ಜಾರಿಸುವ ಸೂಚನೆ) ಬರೆಯುವಾಗ ಯಾವ ನೋಟ್ ಎಲ್ಲಿ ಶುರುವಾಯಿತು ಅಂತಲೇ ತಿಳಿಯೋದಿಲ್ಲ.

ಎಐ ಬರೆದುಕೊಟ್ಟ ಲೂವಾ ಭಾಷೆಯ ಸ್ಕ್ರಿಪ್ಟ್, ಎತ್ತರಕ್ಕೆ ಹಿಗ್ಗಿಸುವ 40111 ಕಮಾಂಡನ್ನು ಮೇನ್ ಆನ್‌ಕಮಾಂಡ್ (ಮುಖ್ಯ ವಿಂಡೋಗೆ ಆದೇಶ ಕೊಡುವ ಫಂಕ್ಷನ್) ಮೂಲಕ ಕಳಿಸುತ್ತಿತ್ತು. ಆ ಸಂಖ್ಯೆ ಮುಖ್ಯ ವಿಂಡೋದಲ್ಲೂ ಇರುವುದರಿಂದ ಟ್ರ್ಯಾಕ್‌ಗಳು ದಪ್ಪಗಾದವು, ಪಿಯಾನೋ ರೋಲ್ ಅಲುಗಲಿಲ್ಲ. ಮಿಡಿಎಡಿಟರ್ ಗೆಟ್‌ಆ್ಯಕ್ಟಿವ್‌ನಿಂದ ಸಿಕ್ಕ ವಿಂಡೋವನ್ನು ಮಿಡಿಎಡಿಟರ್ ಆನ್‌ಕಮಾಂಡ್‌ಗೆ ಕೊಟ್ಟ ಮೇಲೆ ಸರಿಹೋಯಿತು: 40111 ಹಿಗ್ಗಿಸುತ್ತದೆ, 40112 ಕುಗ್ಗಿಸುತ್ತದೆ. ಎಐಗೆ ಕೇಳುವಾಗ "ಮಿಡಿ ಎಡಿಟರ್ ವಿಭಾಗದ ಕಮಾಂಡ್" ಎಂದು ಸ್ಪಷ್ಟವಾಗಿ ಬರೆಯಲೇಬೇಕು.

ಈಗ ಬೇಕಿರುವುದು ಇಷ್ಟು. ಒಂದೊಂದೇ ಹೆಜ್ಜೆ ಹಿಗ್ಗಿಸುವ ಬದಲು ಒಂದೇ ಸಲಕ್ಕೆ ಮಿಡಿ ಸಂಖ್ಯೆ 48ರಿಂದ 72ರವರೆಗಿನ 25 ಸ್ವರಗಳು ಪರದೆ ತುಂಬಬೇಕು, ಅಡ್ಡಕ್ಕೆ 4 ಬಾರ್ ಕಾಣಬೇಕು. ಐಟಂ ಚಂಕ್‌ನಲ್ಲಿರುವ (ಆ ಮಿಡಿ ತುಣುಕಿನ ವಿವರಗಳನ್ನು ರೀಪರ್ ಬರೆದಿಡುವ ಪಠ್ಯ) ಸಿಎಫ್‌ಜಿ‌ಎಡಿಟ್‌ವ್ಯೂ ಸಾಲನ್ನು ತಿದ್ದಿದರೆ ಎಡಿಟರ್ ಮುಚ್ಚಿ ತೆರೆಯಬೇಕಾಗುತ್ತದೆ, ಕೆಲಸದ ಓಘ ಕೆಡುತ್ತದೆ. ತೆರೆದಿರುವಾಗಲೇ ಆಗುವ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಹಾಗಾಗಿ ಪ್ರತಿಸಲ ಎಐ ಕೇಳದೆ ಶಾರ್ಟ್‌ಕಟ್ ಕೀಗೆ ಕಟ್ಟಬಹುದಾದ ಸ್ಕ್ರಿಪ್ಟೇ ಆಗಬೇಕು.